ಅಕ್ಕು ಮತ್ತು ಅಕುಲ್ಲೊ

ಅಕ್ಕುವಿನ ಮದುವೆಯ ಮಾತುಕತೆ ನಡೆಯುವಾಗ, ಹುಡುಗ ಅಬುಧಾಬಿಯಲ್ಲಿ ಎಣ್ಣೆ ಕಂಪೆನಿಯಲ್ಲಿದ್ದಾನೆ ಎಂದು ಮಧ್ಯಸ್ಥರು ಹೇಳಿದ್ದರು. ಕರಾವಳಿಯ ಹೆಜಮಾಡಿಯಲ್ಲಿದ್ದ ಅವಳ ಮನೆಯವರು ಅದಕ್ಕಿಂತ ಹೆಚ್ಚೇನೂ ವಿಚಾರಿಸಲಿಲ್ಲ. ಗಲ್ಫಿನಲ್ಲಿ ಎಣ್ಣೆ ಎಂದರೆ ಯಾವ ಎಣ್ಣೆ ಎಂದು ಯಾರಾದರೂ ಕೇಳುತ್ತಾರೆಯೇ? ಸಮುದ್ರದ ನಡುವೆ ಕಬ್ಬಿಣದ ಕಟ್ಟೆ, ಅದರ ಮೇಲೆ ಹೆಲ್ಮೆಟ್ ಹಾಕಿಕೊಂಡು ನಿಂತ ಸರ್ವೋತ್ತಮ. ಇಷ್ಟನ್ನು ಕಲ್ಪಿಸಿಕೊಂಡೇ ಅಕ್ಕು ವಿಮಾನ ಹತ್ತಿದ್ದಳು. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಇನ್ನೊಂದು ಸಂಸಾರದೊಡನೆ ಹಂಚಿಕೊಂಡ ಫ್ಲ್ಯಾಟಿನಲ್ಲಿ ಬಿಡಾರ ಹೂಡಿ, ಗಂಡನ ಅಂಗಿಗಳನ್ನು ಮೊದಲ ಸಲ ಒಗೆಯಲು ಕೂತಾಗ ಅವಳಿಗೆ ಅನುಮಾನ ಬಂತು. ಅಂಗಿಗೆ ಪೆಟ್ರೋಲಿನ ವಾಸನೆ ಇರಲಿಲ್ಲ. ಹುರಿದ ನೆಲಕಡಲೆಯ ವಾಸನೆ ಇತ್ತು.

ಕೇಳಿದ್ದಕ್ಕೆ ಸರ್ವೋತ್ತಮ ನಕ್ಕುಬಿಟ್ಟ. ತನ್ನ ಕಂಪೆನಿ ಊರಾಚೆ ಕಾರ್ಖಾನೆಗಳಿರುವ ಮುಸಫ್ಫಾದ ಒಂದು ವರ್ಕ್‌ಶಾಪು, ಅಲ್ಲಿ ಮಾಡುವುದು ಅಡುಗೆ ಎಣ್ಣೆ ಹಿಂಡುವ ಸಣ್ಣ ಸಣ್ಣ ಯಂತ್ರಗಳನ್ನು ಎಂದು ಹೇಳಿದ. ಮೇಲಿನಿಂದ ಬೀಜ ಸುರಿದರೆ ಒಂದು ಬದಿಯಲ್ಲಿ ಎಣ್ಣೆ, ಇನ್ನೊಂದು ಬದಿಯಲ್ಲಿ ಹಿಂಡಿ. ಆ ಎಣ್ಣೆಯನ್ನು ಶುದ್ಧ ಮಾಡುವ ಪಾತ್ರೆಗಳೂ ಇದ್ದವು. ಎಲ್ಲವೂ ಹಡಗು ಹತ್ತಿ ಆಫ್ರಿಕಾಕ್ಕೆ ಹೋಗುತ್ತಿದ್ದವು. ಆಫ್ರಿಕಾದವರ ಸೂರ್ಯಕಾಂತಿಗೆ ಅಬುಧಾಬಿಯ ಯಂತ್ರ ಯಾಕೆ ಬೇಕು, ಅದನ್ನು ಮಾಡಲು ಕರಾವಳಿಯವರು ಯಾಕೆ ಬರಬೇಕು ಎಂಬುದು ಅಕ್ಕುವಿಗೆ ಅರ್ಥವಾಗಲಿಲ್ಲ. ಸರ್ವೋತ್ತಮ ಹೇಳಿದ ಉತ್ತರವೂ ಅರ್ಥವಾಗಲಿಲ್ಲ. ಊರಿನವರು ಮಾತ್ರ ತಮ್ಮ ಮಕ್ಕಳಿಗೆ ಎಣ್ಣೆ ಬಾವಿಯಲ್ಲಿ ಕೆಲಸ ಕೊಡಿಸಿ ಎಂದು ಕೇಳುತ್ತಲೇ ಇದ್ದರು. ನೋಡುವಾ ಎಂದು ಅವಳೂ ಹೇಳುತ್ತಲೇ ಇದ್ದಳು.

ಹೀಗೆ ಇಪ್ಪತ್ತು ವರ್ಷದ ಮೇಲಾಯಿತು. ಮಗಳು ಯಶ್ಮಿತಾ ಹುಟ್ಟಿದಳು, ಹನ್ನೆರಡನೇ ತರಗತಿಗೂ ಬಂದಳು. ವರ್ಕ್‌ಶಾಪಿಗೆ ಹತ್ತಿರವಾಗಲೆಂದು ಸಂಸಾರ ಶಾಬಿಯಾಕ್ಕೆ ಬಂತು. ಇಷ್ಟಾದರೂ ಗಂಡ ಮಾಡುವ ಯಂತ್ರವನ್ನು ಅಕ್ಕು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಕೇಳಿಸಿಕೊಂಡಿದ್ದಳು ಅಷ್ಟೆ. ಸರ್ವೋತ್ತಮನ ಕೆಲಸ ಯಂತ್ರ ಕೊಂಡವರಿಗೆ ಫೋನಿನಲ್ಲಿ ದಾರಿ ತೋರಿಸುವುದು. ಆ ಕಡೆ ಯಂತ್ರ ಓಡುತ್ತಿರುತ್ತದೆ, ಈ ಕಡೆ ವರ್ಕ್‌ಶಾಪು ಬಡಿಯುತ್ತಿರುತ್ತದೆ. ನಡುವೆ ಅವನು ಕಿರುಚಬೇಕು. ಮನೆಗೆ ಬಂದ ಮೇಲೂ ಅದೇ ದನಿಯಲ್ಲಿ ಉಪ್ಪು ಕೇಳುತ್ತಿದ್ದ.

ಆ ಗಂಟಲು ಒಂದು ದಿನ ಒಡೆಯಿತು. ಆಸ್ಪತ್ರೆಯಲ್ಲಿ ನೋಡಿದಾಗ ದನಿಯ ತಂತುವಿನ ಮೇಲೆ ಸಣ್ಣ ಗಂಟು ಬೆಳೆದಿತ್ತು. ಕೆಟ್ಟದ್ದಲ್ಲ, ಆದರೆ ತೆಗೆಯಬೇಕು ಎಂದರು, ತೆಗೆದರು. ಎರಡು ವಾರ ತುಟಿ ಬಿಚ್ಚಬಾರದು ಎಂದು ಡಾಕ್ಟರು ಹೇಳಿದ್ದರು. ಎರಡು ವಾರ ಕಳೆದು ಬಾಯಿ ತೆರೆದರೆ ಬರೀ ಗಾಳಿ ಬಂತು. ಡಾಕ್ಟರು ಮತ್ತೆ ನೋಡಿ, ಕೆಲವರಿಗೆ ಹೀಗಾಗುತ್ತದೆ, ಬರುತ್ತದೆ, ಯಾವಾಗ ಎಂದು ಹೇಳಲಾಗದು ಎಂದರು. ಬರುತ್ತದೋ ಇಲ್ಲವೋ ಎಂದು ಅಕ್ಕು ಕೇಳಿದಳು. ಬರುತ್ತದೆ ಅಂದೆನಲ್ಲ ಎಂದು ಅವರು ಕಂಪ್ಯೂಟರಿನ ಕಡೆ ತಿರುಗಿದರು. ಹಾಗೆ ತಿರುಗಿದ್ದು ಒಳ್ಳೆಯ ಸೂಚನೆಯೋ ಕೆಟ್ಟದ್ದೋ ಎಂದು ಅವಳು ಟ್ಯಾಕ್ಸಿಯಲ್ಲಿ ಇಡೀ ದಾರಿ ಯೋಚಿಸಿದಳು.

ಕಂಪೆನಿ ಸಣ್ಣದು. ಫೋನಿನಲ್ಲಿ ಮಾತಾಡಬಲ್ಲ ಇನ್ನೊಬ್ಬ ಥಾಮಸ್. ಅವನು ಯಂತ್ರ ಕೂರಿಸಲು ಘಾನಾಕ್ಕೆ ಹೋಗಿದ್ದ. ಮಾಲೀಕ ಪೃಥ್ವಿರಾಜ್ ಇನ್ನೂ ಚಿಕ್ಕ ವಯಸ್ಸಿನವನು, ತಂದೆ ತೀರಿಕೊಂಡ ಮೇಲೆ ವರ್ಕ್‌ಶಾಪು ನೋಡಿಕೊಳ್ಳುತ್ತಿದ್ದ. ಸರ್ವೋತ್ತಮಣ್ಣ ಮನೆಯಲ್ಲೇ ಇದ್ದುಕೊಂಡು ಮೆಸೇಜಿನಲ್ಲಿ ಉತ್ತರ ಕೊಡಲಿ ಎಂದು ಅವನೇ ಏರ್ಪಾಡು ಮಾಡಿದ. ಆದರೆ ಓಡುವ ಯಂತ್ರದ ಮುಂದೆ ನಿಂತವರು, ಕೈಯೆಲ್ಲ ಎಣ್ಣೆಯಾದವರು, ಮೆಸೇಜು ಬರೆಯುತ್ತಾರೆಯೇ? ಅವರು ಫೋನೇ ಮಾಡಿದರು. ಮೊದಲ ದಿನ ಸರ್ವೋತ್ತಮ ಅದನ್ನು ಕಿವಿಗಿಟ್ಟುಕೊಂಡು ಉಸಿರು ಬಿಡುತ್ತಾ ಕೂತ. ಆ ಕಡೆಯವರು ಹಲೋ ಹಲೋ ಎಂದು ಬೇಸತ್ತು ಇಟ್ಟರು. ಮತ್ತೆ ಬಡಿಯಿತು. ನೋಡಲಾರದೆ ಅಕ್ಕು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಫೋನು ಎತ್ತಿದಳು.

ಆ ಕಡೆ ಒಬ್ಬ ಹೆಂಗಸು. ಯಾರು ಮಾತಾಡುತ್ತಿರುವುದು ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಅಕ್ಕು," ಎಂದಳು ಇವಳು.

"ಹೌದು, ನಾನು ಅಕುಲ್ಲೊ. ನೀವು ಯಾರು?"

"ಅಕ್ಕು."

"ಹೌದು, ನಾನೇ. ನೀವು?"

ಇದು ಹೀಗೇ ಸ್ವಲ್ಪ ಹೊತ್ತು ನಡೆಯಿತು. ತನ್ನ ಹೆಸರು ಈ ಹೆಂಗಸಿಗೆ ಮೊದಲೇ ಹೇಗೆ ಗೊತ್ತು ಎಂದು ಅಕ್ಕು ಗಾಬರಿಯಾದಳು. ಎರಡು ಬೇರೆ ಬೇರೆ ಹೆಸರು ಎಂದು ಇಬ್ಬರಿಗೂ ಹೊಳೆಯುವಾಗ ಯಂತ್ರದಿಂದ ಹೊಗೆ ಏಳುತ್ತಿತ್ತಂತೆ. ಅಕುಲ್ಲೊ ಉಗಾಂಡಾದ ಉತ್ತರದಲ್ಲಿ, ಲೀರಾ ಎಂಬ ಊರಿನ ಹತ್ತಿರದವಳು. ಅಲ್ಲಿನ ಹೆಂಗಸರ ಒಂದು ಗುಂಪು ಹೋದ ವರ್ಷ ಸೂರ್ಯಕಾಂತಿ ಬೀಜ ಹಿಂಡುವ ಯಂತ್ರ ಕೊಂಡಿತ್ತು. ಪೇಟೆಯ ಅಂಗಡಿಯವರು ಪ್ಯಾಕೆಟ್ಟಿನಲ್ಲಿ ಬರುವಂಥ ತಿಳಿ ಎಣ್ಣೆಯೇ ಬೇಕು ಎನ್ನುತ್ತಾರೆಂದು ಈ ವರ್ಷ ಶುದ್ಧ ಮಾಡುವ ಪಾತ್ರೆಯನ್ನೂ ತರಿಸಿತ್ತು. ಗುಂಪಿನ ಪರವಾಗಿ ಮಾತಾಡುವವಳು ಇವಳೇ.

ಅಂದಿನಿಂದ ಅಕ್ಕು ಗಂಡನ ಬಾಯಿಯಾದಳು. ಫೋನು ಸ್ಪೀಕರಿನಲ್ಲಿ ಮೇಜಿನ ಮೇಲೆ, ಎದುರಿಗೆ ಸರ್ವೋತ್ತಮ, ನಡುವೆ ಅವಳು. ಬರೆದು ತೋರಿಸುವವರೆಗೆ ಓಡುವ ಯಂತ್ರ ಕಾಯುವುದಿಲ್ಲ, ಅವನು ಕೈಯಾಡಿಸಿದ್ದನ್ನು ಅವಳು ಇಂಗ್ಲಿಷಿಗೆ ತರಬೇಕು. ಅವಳ ಇಂಗ್ಲಿಷೋ ಸೂಪರ್ ಮಾರ್ಕೆಟಿನದು, ಲಿಫ್ಟಿನದು, ಮಗಳ ಶಾಲೆಯ ಗೇಟಿನದು. ಅದರಲ್ಲಿ ಬೀಜ ಹಿಂಡುವ ಮಾತು ಇರಲಿಲ್ಲ. ಕೇಕ್ ತುಂಬಾ ಒದ್ದೆಯಾಗಿ ಬರುತ್ತಿದೆ ಎಂದು ಅಕುಲ್ಲೊ ಹೇಳಿದಾಗ ಅಕ್ಕು ಯಾರ ಹುಟ್ಟುಹಬ್ಬ ಎಂದು ಕೇಳಿದಳು. ಸರ್ವೋತ್ತಮ ದನಿಯಿಲ್ಲದೆ ನಕ್ಕು ನಕ್ಕು ಕೆಮ್ಮಿದ. ಕೇಕ್ ಎಂದರೆ ಹಿಂಡಿ ಎಂದು ಆಮೇಲೆ ತಿಳಿಯಿತು.

"ಗಮ್ಮು ತೆಗೆಯುದು ಹೇಗೆ ಅಂತ ಕೇಳ್ತಾರೆ," ಎಂದಳು ಇನ್ನೊಂದು ದಿನ. "ಗಮ್ಮು ಅಂದ್ರೆ ಅಂಟಲ್ವಾ? ತೆಗೆಯುದಾದ್ರೆ ಎಣ್ಣೆಗೆ ಅಂಟು ಹಾಕಿದ್ದು ಯಾಕೆ ಇವರು?"

ಯಾರೂ ಹಾಕಿದ್ದಲ್ಲ, ಬೀಜದಲ್ಲೇ ಇರುವುದು ಎಂದು ಹೇಳಲು ಸರ್ವೋತ್ತಮನಿಗೆ ಕೈಸನ್ನೆ ಇರಲಿಲ್ಲ. ಶಾಲೆಯಿಂದ ಬಂದ ಯಶ್ಮಿತಾ, ಪಪ್ಪ ಟೈಪ್ ಮಾಡಿದರೆ ಫೋನೇ ಓದಿ ಹೇಳುತ್ತದೆ ಎಂದು ಒಂದು ಉಪಾಯ ತೋರಿಸಿದಳು. ಫೋನು ಅಮೆರಿಕದ ಗಂಡಸಿನ ದನಿಯಲ್ಲಿ ಓದಿತು. ಅಕುಲ್ಲೊ ಹೆದರಿ ಫೋನು ಇಟ್ಟಳು. "ಅಮ್ಮಾ, ದಿಸ್ ಈಸ್ ನಾಟ್ ಈವನ್ ಯುವರ್ ಜಾಬ್," ಎಂದು ಮಗಳು ತನ್ನ ಕೋಣೆಗೆ ಹೋದಳು. ಅಕ್ಕುವಿಗೂ ಹಾಗೇ ಅನ್ನಿಸುತ್ತಿತ್ತು. ಆದರೆ ಫೋನು ಬಡಿದಾಗ ಕೈ ತಾನಾಗಿ ಹೋಗುತ್ತಿತ್ತು.

ಅನಾಹುತವಾದದ್ದು ಶುದ್ಧ ಮಾಡುವ ಮೊದಲ ದಿನ. ಕಚ್ಚಾ ಎಣ್ಣೆಯ ಹುಳಿ ತೆಗೆಯಲು ಕಾಸ್ಟಿಕ್ ಸೋಡಾ ಕರಗಿಸಿದ ನೀರನ್ನು ಬಿಸಿ ಎಣ್ಣೆಗೆ ನಿಧಾನವಾಗಿ ಬಿಡಬೇಕು, ಬಿಟ್ಟು ತಿರುವುತ್ತಾ ಇರಬೇಕು. ಅಳತೆ ಮೀರಿದರೆ ಹುಳಿಯೊಡನೆ ಎಣ್ಣೆಯೂ ಸಾಬೂನಾಗಿಬಿಡುತ್ತದೆ. ಅಕುಲ್ಲೊ ಸೋಡಾ ನೀರು ಬಿಟ್ಟಾಯಿತು, ಇನ್ನೇನು ಎಂದು ಕೇಳಿದಳು. ಸರ್ವೋತ್ತಮ ಬೆರಳನ್ನು ಗಾಳಿಯಲ್ಲಿ ದುಂಡಗೆ ಸುತ್ತಿಸಿದ. ತಿರುವಲಿ ಎಂದು ಅವನ ಅರ್ಥ. ತಿರುಗಿ ಹಾಕಲಿ ಎಂದು ಅಕ್ಕು ತಿಳಿದಳು.

"ಅಗೇನ್," ಎಂದಳು.

ಮತ್ತೊಮ್ಮೆಯೇ ಎಂದು ಅಕುಲ್ಲೊ ಕೇಳಿದಳು. ಅಕ್ಕು ಗಂಡನನ್ನು ನೋಡಿದಳು. ತಿರುವುವುದನ್ನು ನಿಲ್ಲಿಸಬಾರದಲ್ಲ, ಅವನು ಇನ್ನೂ ಜೋರಾಗಿ ಬೆರಳು ಸುತ್ತಿಸುತ್ತಿದ್ದ. "ಅಗೇನ್, ಅಗೇನ್," ಎಂದಳು ಅಕ್ಕು. ಹೊರಗೆ ಪೈಪಿನ ಕೆಲಸದವರು ನೆಲ ಕೊರೆಯುತ್ತಿದ್ದ ಗಲಾಟೆಯಲ್ಲಿ ಸರ್ವೋತ್ತಮನಿಗೆ ಆ ಶಬ್ದ ಕೇಳಿಸಿರಲಿಲ್ಲ. ಕೇಳಿಸಿದಾಗ ಎದ್ದು ನಿಂತು ಎರಡೂ ಕೈಗಳಿಂದ ಮೇಜು ಬಡಿದ. ಅಷ್ಟರಲ್ಲಿ ಲೈನು ತುಂಡಾಯಿತು. ಸಂಜೆ ಒಂದು ಫೋಟೋ ಬಂತು. ಪಾತ್ರೆಯ ತುಂಬ ಹಳದಿ ಬಣ್ಣದ ಗಟ್ಟಿ ಮುದ್ದೆ.

ಅಂದು ಆ ಮನೆಯಲ್ಲಿ ನಡೆದ ಜಗಳದಂಥದ್ದು ಹಿಂದೆ ನಡೆದಿರಲಿಲ್ಲ. ಸರ್ವೋತ್ತಮನ ಬಾಯಿ ಆಡುತ್ತಿತ್ತು, ಗಾಳಿ ಬರುತ್ತಿತ್ತು. ಅವನು ಬೈಯುತ್ತಿದ್ದಾನೋ, ತನ್ನನ್ನೇ ಹಳಿದುಕೊಳ್ಳುತ್ತಿದ್ದಾನೋ ಅಕ್ಕುವಿಗೆ ತಿಳಿಯಲಿಲ್ಲ. ಕೊನೆಗೆ ಅವನು ಬೈದಿರಬಹುದಾದ ಮಾತುಗಳನ್ನೆಲ್ಲ ತಾನೇ ಊಹಿಸಿ, ಅವುಗಳಿಗೆ ತಾನೇ ಉತ್ತರ ಕೊಟ್ಟು, ತಾನೇ ಅತ್ತಳು. ಅವನು ಅಲ್ಲ ಅಲ್ಲ ಎಂದು ಕೈಯಾಡಿಸಿದ. ಯಾವುದು ಅಲ್ಲ ಎಂಬುದು ಅವಳಿಗೆ ಇಂದಿಗೂ ಗೊತ್ತಿಲ್ಲ.

ತಪ್ಪು ಯಾರದೆಂಬುದೂ ಬಗೆಹರಿಯಲಿಲ್ಲ. ಎರಡನೆಯ ಸಲ ಹಾಕುವ ಮೊದಲೇ ಎಣ್ಣೆ ಗಟ್ಟಿಯಾಗತೊಡಗಿತ್ತು ಎಂದು ಅಕುಲ್ಲೊ ಒಮ್ಮೆ ಹೇಳಿದಳು. ಎರಡನೆಯ ಸಲ ಹಾಕಿಯೇ ಇರಲಿಲ್ಲ ಎಂದು ಇನ್ನೊಮ್ಮೆ ಹೇಳಿದಳು. ಅಲ್ಲಿ ಸಿಕ್ಕಿದ ಸೋಡಾ ಬೇರೆ ಬಗೆಯದಿರಬಹುದು ಎಂದು ಪೃಥ್ವಿರಾಜ್ ಹೇಳಿದ. ಇಬ್ಬರೂ ತನಗೆ ಬೇಸರವಾಗದಿರಲೆಂದು ಹೇಳುತ್ತಿದ್ದಾರೋ, ನಿಜವನ್ನೇ ಹೇಳುತ್ತಿದ್ದಾರೋ ಎಂದು ಅಕ್ಕು ಅಳೆದು ನೋಡಿದಳು. ಅಳೆಯಲು ಆಗಲಿಲ್ಲ. ಕೆಲವು ದಿನ ಅವಳು ಫೋನು ಎತ್ತುವುದನ್ನೇ ಬಿಟ್ಟಳು.

ಅಕುಲ್ಲೊ ಬಿಡಲಿಲ್ಲ. ಅಕ್ಕು ಕೊನೆಗೆ ಎತ್ತಿದಾಗ ಅವಳು ಮೊದಲು ಕೇಳಿದ್ದು ಯಜಮಾನರ ಗಂಟಲು ಹೇಗಿದೆ ಎಂದು. ಅಕ್ಕು ಬೈಗುಳಕ್ಕೆ ಸಿದ್ಧಳಾಗಿದ್ದಳು. ಜೇನುತುಪ್ಪ ಕೊಡಿ ಎಂದಳು ಅಕುಲ್ಲೊ. ಕೊಡುತ್ತಿದ್ದೇನೆ ಎಂದಳು ಅಕ್ಕು. ಆಮೇಲೆ ಅಕುಲ್ಲೊ ತೀರ ಸಾಮಾನ್ಯ ದನಿಯಲ್ಲಿ ಇನ್ನೊಂದು ಸಂಗತಿ ಹೇಳಿದಳು. ಆ ಮುದ್ದೆಯನ್ನು ಬಿಸಾಡಲು ಮನಸ್ಸಾಗದೆ ಅವಳ ನಾದಿನಿ ಅದರಿಂದಲೇ ಬಟ್ಟೆ ಒಗೆದಳಂತೆ. ಎರಡೂ ಅಂಗೈಗಳ ಚರ್ಮ ಸುಲಿದು ಬಂದಿದೆಯಂತೆ.

ಅಕ್ಕು ಅದನ್ನು ಗಂಡನಿಗೆ ಹೇಳುವಾಗ ಅವನ ಮುಖ ಬೆಳ್ಳಗಾಯಿತು. ಮುದ್ದೆಯಲ್ಲಿ ಸೋಡಾ ಇನ್ನೂ ಉಳಿದಿದೆ, ಅದನ್ನು ಯಾರೂ ಮುಟ್ಟಬಾರದು, ಕೈಯನ್ನು ಧಾರಾಳ ನೀರಿನಲ್ಲಿ ತೊಳೆದು ಕೂಡಲೇ ಡಾಕ್ಟರಿಗೆ ತೋರಿಸಬೇಕು. ಇದನ್ನು ಅವನು ಒಂದೊಂದೇ ಅಕ್ಷರವಾಗಿ ಕನ್ನಡದಲ್ಲಿ ಟೈಪ್ ಮಾಡಿ ಅವಳ ಕಣ್ಣ ಮುಂದೆ ಹಿಡಿದ. ಅವಳು ಓದಿ ಓದಿ ಹೇಳಿದಳು. ಹೇಳಿದ್ದನ್ನು ಅಕುಲ್ಲೊಳಿಂದ ಮತ್ತೆ ಹೇಳಿಸಿದಳು. ಫೋನಿಟ್ಟ ಮೇಲೆ ಗಂಡನ ಕಡೆ ತಿರುಗಿದಳು.

"ನಂಗೆ ಆ ಮೆಷಿನು ತೋರಿಸಿ," ಎಂದಳು. "ಇನ್ನು ಕಣ್ಣು ಕಟ್ಟಿ ನನ್ನಿಂದ ಮಾತಾಡ್ಲಿಕ್ಕೆ ಆಗುದಿಲ್ಲ."

ಮರುದಿನ ಕಂಪೆನಿಯ ಪಿಕಪ್ಪಿನಲ್ಲಿ ಅವಳು ಮುಸಫ್ಫಾಕ್ಕೆ ಹೋದಳು. ವರ್ಕ್‌ಶಾಪಿನ ಹಳೆಯ ಫಿಟ್ಟರ್ ಮೊಯ್ದಿನಬ್ಬ, "ಬನ್ನಿ ಅಕ್ಕಾ, ಇಷ್ಟು ವರ್ಷಕ್ಕೆ ದಾರಿ ಗೊತ್ತಾಯ್ತಾ?" ಎಂದು ಕುರ್ಚಿ ಒರೆಸಿ ಕೊಟ್ಟ. ಅಕ್ಕು ಕೂರಲಿಲ್ಲ. ಅವಳು ಯಂತ್ರ ಎಲ್ಲಿದೆ ಎಂದು ಹುಡುಕುತ್ತಿದ್ದಳು. ಅವಳ ಎದುರಿಗೇ ಇತ್ತು. ಅವಳ ಸೊಂಟದೆತ್ತರ, ಹಸಿರು ಬಣ್ಣ, ಪಕ್ಕದಲ್ಲಿ ಮದುವೆ ಮನೆಯ ಹಂಡೆಯಷ್ಟು ದೊಡ್ಡ ಎರಡು ಪಾತ್ರೆ. ಇಪ್ಪತ್ತು ವರ್ಷ ಮನೆಯ ಊಟ, ಬಾಡಿಗೆ, ಶಾಲೆ ಎಲ್ಲ ಇಷ್ಟರಿಂದ ಬಂತೇ? ಗಂಡನ ಗಂಟಲು ಹೋದದ್ದು ಇಷ್ಟಕ್ಕೇ? ಅವಳಿಗೆ ಸಮಾಧಾನವಾಯಿತೋ ನಿರಾಸೆಯಾಯಿತೋ ತಿಳಿಯಲಿಲ್ಲ.

ಸರ್ವೋತ್ತಮ ಅವಳೆದುರು ಒಂದು ಪಾತ್ರೆ ಎಣ್ಣೆ ಶುದ್ಧ ಮಾಡಿ ತೋರಿಸಿದ. ಬಿಸಿ ನೀರು ಹಾಕಿದಾಗ ಅಂಟು ಕೆಳಗಿಳಿಯಿತು. ಸೋಡಾ ನೀರು ಬಿಟ್ಟು ತಿರುವಿದಾಗ ಕಂದು ಬಣ್ಣದ ಗಷ್ಟು ತಳದಲ್ಲಿ ಕೂಡಿಕೊಂಡಿತು. ಅದನ್ನು ಬಸಿದು, ತೊಳೆದು, ಬಿಳಿ ಮಣ್ಣು ಹಾಕಿ ಸೋಸಿದಾಗ ಬಣ್ಣ ಹೋಯಿತು. ಕೊನೆಗೆ ಹಬೆ ಹಾಯಿಸಿದಾಗ ವಾಸನೆಯೂ ಹೋಯಿತು. ಅಕ್ಕು ಬೆರಳದ್ದಿ ಮೂಸಿದಳು. ಏನೂ ಇರಲಿಲ್ಲ.

"ಇಷ್ಟು ಕಷ್ಟಪಟ್ಟು ವಾಸನೆ ತೆಗೆಯುದು ಯಾಕೆ?" ಎಂದು ಕೇಳಿದಳು. "ನಾವು ಊರಿಂದ ತೆಂಗಿನೆಣ್ಣೆ ತರಿಸುದೇ ಅದರ ವಾಸನೆಗಲ್ವಾ?"

ಸರ್ವೋತ್ತಮ ಪೃಥ್ವಿರಾಜನನ್ನು ನೋಡಿದ. ಪೃಥ್ವಿರಾಜ್ ಮೊಯ್ದಿನಬ್ಬನನ್ನು ನೋಡಿದ. ಅಂಗಡಿಯವರು ಕೇಳುತ್ತಾರಲ್ಲ ಅಕ್ಕಾ ಎಂದ ಮೊಯ್ದಿನಬ್ಬ. ಬೇಡವಾದದ್ದು ಯಾವುದು, ಬೇಕಾದದ್ದು ಯಾವುದು ಎಂದು ಅಕ್ಕು ಇನ್ನಷ್ಟು ಗೊಂದಲದಲ್ಲೇ ಮನೆಗೆ ಮರಳಿದಳು. ಒಂದು ಮಾತ್ರ ಆಗಿತ್ತು: ದಂಪತಿಗಳು ಪಿಕಪ್ಪಿನಲ್ಲಿ ಕೂತು ಸನ್ನೆಗಳನ್ನು ನಿಶ್ಚಯ ಮಾಡಿಕೊಂಡಿದ್ದರು. ತಿರುವುವುದಕ್ಕೆ ಸೌಟು ಹಿಡಿದಂತೆ ಮುಷ್ಟಿ. ಸಾಕು ಎಂಬುದಕ್ಕೆ ಅಂಗೈ. ತಿಳಿಯದಿದ್ದರೆ ಅಕ್ಕು ಬಾಯಿ ಬಿಡದೆ ಮೇಜು ತಟ್ಟಬೇಕು.

ನಾದಿನಿಯ ಕೈ ವಾಸಿಯಾದ ಮೇಲೆ ಲೀರಾದ ಹೆಂಗಸರು ಮತ್ತೆ ಪಾತ್ರೆ ಬಿಸಿಗಿಟ್ಟರು. ಅಂದು ಅಕ್ಕು ಅದೆಷ್ಟೋ ಸಲ ಮೇಜು ತಟ್ಟಿದಳು. ಪ್ರತಿ ಸಲವೂ ಅಕುಲ್ಲೊಗೆ, ನನಗೆ ಗೊತ್ತಾಗಲಿಲ್ಲ, ಕೇಳಿ ಹೇಳುತ್ತೇನೆ, ನೀವು ಏನೂ ಮಾಡಬೇಡಿ, ನಿಲ್ಲಿ ಎಂದಳು. ಆ ಕಡೆಯವರು ನಿಂತರು. ಸರ್ವೋತ್ತಮನ ಕಾಲದಲ್ಲಿ ಅವನು ಕಿರುಚುತ್ತಿದ್ದ, ಅವರು ಯೆಸ್ ಸರ್ ಎನ್ನುತ್ತಿದ್ದರು, ಅರ್ಥವಾದದ್ದು ಎಷ್ಟು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಎಣ್ಣೆ ಈ ಸಲ ಎಣ್ಣೆಯಾಗಿಯೇ ಉಳಿಯಿತು. ಸ್ವಲ್ಪ ಮಬ್ಬಾಗಿತ್ತಂತೆ. ಅಂಗಡಿಯವರು ತೆಗೆದುಕೊಂಡರಂತೆ.

ಸರ್ವೋತ್ತಮನ ದನಿ ಬಂದದ್ದು ಇನ್ನೂ ಕೆಲವು ವಾರಗಳ ಮೇಲೆ, ಒಂದು ಬೆಳಗ್ಗೆ. ಅಡುಗೆಮನೆಯಲ್ಲಿದ್ದ ಅಕ್ಕುವಿಗೆ ಹೊರಕೋಣೆಯಲ್ಲಿ ಯಾರೋ ಚಹಾ ಕೇಳಿದಂತಾಯಿತು. ತೆಳ್ಳನೆಯ, ಸೀಳಿದ ದನಿ. ಯಾರು ಎಂದು ಅವಳು ಒಳಗಿನಿಂದಲೇ ಕೇಳಿದಳು, ನೀರಿನ ಕ್ಯಾನಿನವನು ಬಂದನೆಂದು ಬಾಗಿಲ ಕಡೆಗೂ ಹೋದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಸೋಫಾದ ಮೇಲೆ ಗಂಡ ಒಬ್ಬನೇ ಕೂತಿದ್ದ, ಅವಳಿಗಿಂತ ಹೆಚ್ಚು ಬೆರಗಾಗಿ.

ಅದು ಹಳೆಯ ದನಿಯಲ್ಲ. ಮುಂದೆಯೂ ಹೀಗೇ ಇರಬಹುದು, ಬದಲಾಗಲೂಬಹುದು ಎಂದರು ಡಾಕ್ಟರು. ಆದರೂ ದನಿ ದನಿಯೇ. ಮರುದಿನ ಫೋನು ಬಡಿದಾಗ ಸರ್ವೋತ್ತಮ ಅಂಗಿಯ ಕಾಲರು ಸರಿಮಾಡಿಕೊಂಡು ತಾನೇ ಎತ್ತಿದ. ತಾನು ಸರ್ವೋತ್ತಮ ಎಂದ. ಅಕುಲ್ಲೊ ಒಪ್ಪಲಿಲ್ಲ. ಸರ್ವೋತ್ತಮರ ದನಿ ನನಗೆ ಗೊತ್ತು, ನೀವು ಯಾರು, ಅಕ್ಕುವಿನ ಫೋನು ನಿಮ್ಮ ಕೈಗೆ ಹೇಗೆ ಬಂತು ಎಂದು ಕೇಳಿದಳು. ಅವನು ವಿವರಿಸಿದಷ್ಟೂ ಅವಳ ಅನುಮಾನ ಬೆಳೆಯಿತು. ಅಕ್ಕುವಿಗೆ ಕೊಡಿ, ಇಲ್ಲದಿದ್ದರೆ ಕಂಪೆನಿಗೆ ಫೋನು ಮಾಡುತ್ತೇನೆ ಎಂದಳು. ಅವನು ಫೋನನ್ನು ಹೆಂಡತಿಯ ಕೈಗಿತ್ತ. ಅವಳು ಮಾತು ಮುಗಿಸುವವರೆಗೆ ಕಿಟಕಿಯ ಬಳಿ ನಿಂತಿದ್ದ.

"ನಾನು ಯಾರು ಹಾಗಾದ್ರೆ?" ಎಂದು ಕೇಳಿದ.

ನಗಲೆಂದು ಬಾಯಿ ತೆರೆದ ಅಕ್ಕು ಅವನ ಮುಖ ನೋಡಿ ನಗಲಿಲ್ಲ. "ನಿಧಾನಕ್ಕೆ ಗುರ್ತ ಹಿಡೀತಾರೆ," ಎಂದಳು. "ನಂಗೇ ಇನ್ನೂ ಅಭ್ಯಾಸ ಆಗ್ಲಿಲ್ಲ."

ಅದೇ ವಾರ ಪೃಥ್ವಿರಾಜ್ ಹಣ್ಣು ಹಿಡಿದುಕೊಂಡು ಮನೆಗೆ ಬಂದ. ಇನ್ನೂ ಮೂರು ನಾಲ್ಕು ಕಡೆಯವರು ಫೋನಿನ ಮೇಡಂ ಬೇಕು ಎನ್ನುತ್ತಿದ್ದಾರೆ, ಅಕ್ಕನಿಗೆ ವರ್ಕ್ ಪರ್ಮಿಟ್ ಮಾಡಿಸಿ ಕೆಲಸಕ್ಕೆ ತೆಗೆದುಕೊಂಡರೆ ಹೇಗೆ ಎಂದು ಸರ್ವೋತ್ತಮನನ್ನು ಕೇಳಿದ. ಸರ್ವೋತ್ತಮ, ಅವಳನ್ನೇ ಕೇಳು ಎಂದ. ಅಕ್ಕುವನ್ನು ಕೇಳಿದರೆ ಅವಳು, ಇವರನ್ನು ಕೇಳು ಎಂದಳು. ಗಂಡನಿಗೆ ನೋವಾದೀತೆಂದು ಬೇಡವೆನ್ನಬೇಕೋ, ಆ ಹೆಂಗಸರ ಕೈಗಳನ್ನು ನೆನೆದು ಹೂಂ ಎನ್ನಬೇಕೋ ಅವಳಿಗೆ ನಿರ್ಧರಿಸಲಾಗಲಿಲ್ಲ. ಅವಳಿಗೆ ಆ ಕೆಲಸ ಇಷ್ಟವಾಗಿತ್ತು. ಅದನ್ನು ಬಾಯಿಬಿಟ್ಟು ಹೇಳುವುದು ಸರಿಯೋ ತಪ್ಪೋ ಎಂಬಲ್ಲಿಗೆ ಬಂದು ಮನಸ್ಸು ನಿಲ್ಲುತ್ತಿತ್ತು. ಒಂದು ತಿಂಗಳ ಮಟ್ಟಿಗೆ ಮಾಡಿ ನೋಡುವಾ ಎಂದು ಕೊನೆಗೆ ಹೇಳಿದವನು ಸರ್ವೋತ್ತಮನೇ. ಆ ತಿಂಗಳು ಮುಗಿದ ಮಾತನ್ನು ಆಮೇಲೆ ಮೂವರಲ್ಲಿ ಯಾರೂ ಎತ್ತಲಿಲ್ಲ. ಪರ್ಮಿಟ್ ಬಂತು.

ಈಗ ವರ್ಕ್‌ಶಾಪಿನ ಗಾಜಿನ ಕೋಣೆಯಲ್ಲಿ ಅವರಿಬ್ಬರಿಗೂ ಅಕ್ಕಪಕ್ಕ ಕುರ್ಚಿ. ಒಮ್ಮೆ ಅವನು ಮಾತಾಡುತ್ತಾನೆ, ದಣಿದಾಗ ಅವಳು. ಒಂದೊಂದು ಸಲ ಇಬ್ಬರೂ ಒಟ್ಟಿಗೆ ಶುರುಮಾಡಿ ಆ ಕಡೆಯವರು ಗಲಿಬಿಲಿಗೊಳ್ಳುತ್ತಾರೆ.

ಮೊನ್ನೆ ಅಕುಲ್ಲೊ ಮೊದಲ ಸಲ ವೀಡಿಯೊದಲ್ಲಿ ಬಂದಳು. ಅಕ್ಕು ಮನಸ್ಸಿನಲ್ಲಿ ತನ್ನ ವಯಸ್ಸಿನ ದಪ್ಪನೆಯ ಹೆಂಗಸನ್ನು ಇಟ್ಟುಕೊಂಡಿದ್ದಳು. ಪರದೆಯ ಮೇಲಿದ್ದವಳು ಮೂವತ್ತು ದಾಟದವಳು, ಬೆನ್ನಿಗೆ ಮಗು ಕಟ್ಟಿಕೊಂಡಿದ್ದಳು. ಅವಳೂ ಬೇರೆ ಯಾರನ್ನೋ ನಿರೀಕ್ಷಿಸಿದ್ದಳೆಂದು ಕಾಣುತ್ತದೆ. ಆಮೇಲೆ ಅಕುಲ್ಲೊ ಹೊಸ ಎಣ್ಣೆ ತುಂಬಿದ ಬಾಟಲಿಯನ್ನು ಕ್ಯಾಮೆರಾಕ್ಕೆ ಹಿಡಿದು, ಬಣ್ಣ ಸರಿಯಾಗಿದೆಯೇ ಎಂದು ಕೇಳಿದಳು.

ಅಕ್ಕು ಪರದೆಯನ್ನು ಹತ್ತಿರ ತಂದಳು, ದೂರ ಹಿಡಿದಳು. ಒಮ್ಮೆ ಹಳದಿ ಕಂಡಿತು, ಒಮ್ಮೆ ಹಸಿರು. ಪಕ್ಕದಲ್ಲಿದ್ದ ಗಂಡನ ಕಡೆ ಫೋನು ತಿರುಗಿಸಿದಳು. ಅವನು ಕನ್ನಡಕ ತೆಗೆದು ನೋಡಿದ, ಹಾಕಿ ನೋಡಿದ.

"ಗೊತ್ತಾಗುದಿಲ್ಲ," ಎಂದ ತನ್ನ ತೆಳ್ಳನೆಯ ದನಿಯಲ್ಲಿ.

ನಮಗೆ ಇಲ್ಲಿಂದ ಗೊತ್ತಾಗುತ್ತಿಲ್ಲ ಎಂದು ಅಕ್ಕು ಹಾಗೆಯೇ ಹೇಳಿದಳು. ಸ್ವಲ್ಪ ಎಣ್ಣೆಯನ್ನು ಗಾಜಿನ ಲೋಟಕ್ಕೆ ಹಾಕಿ, ಹೊರಗೆ ಬಿಸಿಲಿಗೆ ಹೋಗಿ, ಏನು ಕಾಣುತ್ತದೆಂದು ನೀವೇ ನೋಡಿ ಹೇಳಿ ಎಂದಳು. ಅಕುಲ್ಲೊ ಫೋನನ್ನು ಯಾವುದೋ ಚೀಲದ ಮೇಲಿಟ್ಟು ಲೋಟ ತರಲು ಹೋದಳು. ಪರದೆಯ ತುಂಬ ತಗಡಿನ ಮಾಡು ಕಾಣುತ್ತಿತ್ತು. ದಂಪತಿಗಳು ಅದನ್ನೇ ನೋಡುತ್ತಾ ಕಾದರು.